ಹಿರಿಗೈಯ ತುತ್ತು

“ಹಿರಿಯರು ಬದುಕಿಡೀ ಮಾಡಿಕೊಂಡು ಬಂದ ಕೆಲಸವನ್ನು ತಪ್ಪು ಎನ್ನುವುದು ಅವರಿಗೆ ಮಾಡುವ ಅವಮಾನವಲ್ಲವೇ, ಗುರುಗಳೇ?”

ಶಿಷ್ಯ ಹೀಗೆ ಕೇಳಿದಾಗ ಗುರುಗಳು ಮಠದ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಅವರು ತಲೆ ಎತ್ತಲಿಲ್ಲ. “ಯಾವ ಕೆಲಸ, ಯಾವ ಹಿರಿಯರು, ಅದನ್ನು ಹೇಳು” ಎಂದರು. ನೆಲಕ್ಕೆ ಕಾಲೂರದ ಪ್ರಶ್ನೆಗಳನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ.

ಶಿಷ್ಯ ಹೇಳಿದ. ಅವನ ಅಪ್ಪ ಮರದ ತೊಟ್ಟಿಲುಗಳಿಗೆ ಬಣ್ಣ ಹಾಕುವವನು. ಹಳದಿ ಬಣ್ಣಕ್ಕೆ ಹರಿತಾಳದ ಕಲ್ಲನ್ನು ಅರೆಯಬೇಕು. ಹರಿತಾಳ ವಿಷ. ಅರೆಯುವಾಗ ಅದರ ಪುಡಿ ಮೂಗಿಗೂ ಬಾಯಿಗೂ ಹೋಗುತ್ತದೆ. ಮನೆಯಲ್ಲಿ ಅಪ್ಪ, ಅವ್ವ, ತಂಗಿ ಇದ್ದಾರೆ. ಅರೆಯುವ ಕೆಲಸ ಮೊದಲಿನಿಂದಲೂ ಇವನದಾಗಿತ್ತು. ಮೈಮೇಲೆ ಕಲೆಗಳೆದ್ದವು, ಕೆಮ್ಮು ಹತ್ತಿತು. ಮಠಕ್ಕೆ ಬಂದ ಮೇಲೆ ಎರಡೂ ಹೋದವು. ಆಗ ಕಾರಣ ತಿಳಿಯಿತು. ದಾಳಿಂಬೆ ಸಿಪ್ಪೆಯಿಂದಲೂ ಅರಿಸಿನದಿಂದಲೂ ಹಳದಿ ತೆಗೆಯುವವರಿದ್ದಾರೆ ಎನ್ನುವುದೂ ತಿಳಿಯಿತು.

“ಆದರೆ ಅಪ್ಪನಿಗೆ ಹೇಳಿಲ್ಲ” ಎಂದ ಶಿಷ್ಯ. “ಸುತ್ತಲಿನ ಊರುಗಳಲ್ಲೆಲ್ಲ ಅಪ್ಪನ ಹಳದಿಗೆ ಹೆಸರು. ಅದನ್ನು ವಿಷ ಎಂದರೆ ಅವರ ಬದುಕನ್ನೇ ವಿಷ ಎಂದ ಹಾಗಾಗುತ್ತದೆ. ಅವರ ಮರ್ಯಾದೆ ಉಳಿಯಲಿ ಎಂದು ಸುಮ್ಮನಿದ್ದೇನೆ. ನಾನು ಮಾಡಿದ್ದು ಸರಿ ತಾನೇ?”

ಗುರುಗಳು ಅವರೆಕಾಯಿಯ ಅರ್ಧ ರಾಶಿಯನ್ನು ಅವನ ಮುಂದೆ ತಳ್ಳಿ, “ಸುಲಿ. ಸುಲಿಯುತ್ತ ಕೇಳು” ಎಂದರು. ಆಮೇಲೆ ಈ ಕತೆ ಹೇಳಿದರು.

ಒಂದು ಊರಿತ್ತು. ಅಲ್ಲಿಯ ಒಂದು ಕೇರಿಯವರೆಲ್ಲ ತಾಮ್ರದ ಕಳಸಗಳಿಗೆ ಚಿನ್ನದ ಲೇಪ ಕೊಡುವವರು. ಯಾವ ಸೀಮೆಯಲ್ಲಿ ಗುಡಿ ಕಟ್ಟಿದರೂ ಅದರ ಕಳಸ ಈ ಕೇರಿಗೆ ಬಂದು ಹೋಗಬೇಕಿತ್ತು.

ಲೇಪದ ಕ್ರಮ ಹೀಗೆ. ಪಾದರಸದೊಳಗೆ ಚಿನ್ನ ಹಾಕಿ ಅರೆದರೆ ಚಿನ್ನ ಕರಗಿ ಮುದ್ದೆಯಾಗುತ್ತದೆ. ಆ ಮುದ್ದೆಗೆ ಕೇರಿಯವರು ಬೆಣ್ಣೆ ಎನ್ನುತ್ತಿದ್ದರು. ಬೆಣ್ಣೆಯನ್ನು ಕಳಸಕ್ಕೆ ಸವರಿ ಕೆಂಡದ ಮೇಲೆ ಕಾಯಿಸಬೇಕು. ಪಾದರಸ ಹೊಗೆಯಾಗಿ ಹೋಗುತ್ತದೆ, ಚಿನ್ನ ಉಳಿಯುತ್ತದೆ. ಹೋದದ್ದು ಎಲ್ಲಿಗೆ ಹೋಯಿತು ಎಂದು ಯಾರೂ ಕೇಳಿರಲಿಲ್ಲ. ಕಣ್ಣಿಗೆ ಕಾಣದ್ದರ ವಿಳಾಸ ಯಾರಿಗೆ ಬೇಕು?

ಈ ಕೆಲಸವನ್ನು ವರ್ಷಗಟ್ಟಲೆ ಮಾಡಿದವರ ಕೈ ನಡುಗುತ್ತಿತ್ತು. ಮೊದಲು ಬೆರಳು, ಆಮೇಲೆ ಇಡೀ ಕೈ. ಹಲ್ಲು ಉದುರುತ್ತಿದ್ದವು. ಅದಕ್ಕೆ ಎಲೆ ಅಡಿಕೆ ಕಾರಣ ಎಂದರು. ಸಿಟ್ಟು ಹೆಚ್ಚಾಗುತ್ತಿತ್ತು. ಬೆಂಕಿಯ ಮುಂದೆ ಕೂತವನಿಗೆ ಸಿಟ್ಟು ಬರದೆ ನಗು ಬರುತ್ತದೆಯೇ ಎಂದರು. ಆದರೆ ಕೈಯ ನಡುಕಕ್ಕೆ ಮಾತ್ರ ಇಂಥ ಸಣ್ಣ ಕಾರಣ ಯಾರಿಗೂ ಒಪ್ಪಿಗೆಯಾಗಲಿಲ್ಲ. ಅದು ದೇವಿ ಎಂದರು. ಇಷ್ಟು ಕಾಲ ದೇವರ ಕಳಸಕ್ಕೆ ಚಿನ್ನ ಸವರಿದ ಕೈಯಲ್ಲಿ ದೇವಿ ಬಂದು ಕೂತಿದ್ದಾಳೆ, ಅದಕ್ಕೇ ಕೈ ನಿಲ್ಲುತ್ತಿಲ್ಲ.

ಯಾರ ಕೈಯ ತುತ್ತು ಬಾಯಿ ಮುಟ್ಟುವ ಮೊದಲೇ ಚೆಲ್ಲುತ್ತದೋ ಅವರ ಮನೆಯಲ್ಲಿ ಅಂದು ಸಂಭ್ರಮ. ಕೇರಿಯ ಹಿರಿಯರು ಸೇರಿ ಅವನನ್ನು ಮಣೆಯ ಮೇಲೆ ಕೂರಿಸಿ ಶಾಲು ಹೊದಿಸುತ್ತಿದ್ದರು. ಹೆಂಡತಿ ಎಲ್ಲರೆದುರು ಅವನಿಗೆ ತುತ್ತು ಕೊಡುತ್ತಿದ್ದಳು. ಅಂದಿನಿಂದ ಅವನು ತನ್ನ ಕೈಯಿಂದ ಉಣ್ಣುವ ಹಾಗಿಲ್ಲ. ಅದು ದೇವಿಯ ಕೈ, ಅನ್ನ ಕಲಸುವುದಕ್ಕಲ್ಲ. ಅಲ್ಲಿಯವರೆಗೆ ಕಿರಿಗೈ ಎನಿಸಿಕೊಂಡವನು ಅಂದಿನಿಂದ ಹಿರಿಗೈ. ಪಂಚಾಯಿತಿಯಲ್ಲಿ ಗೋಡೆಗೆ ಒರಗಿ ಕೂರುವ ಜಾಗ ಹಿರಿಗೈಗಳದು. ಹೆಣ್ಣು ಕೊಡಲು ಬಂದವರು ಮೊದಲು ಕೇಳುತ್ತಿದ್ದದ್ದು ‘ಮನೆಯಲ್ಲಿ ಹಿರಿಗೈ ಇದ್ದಾರೋ’ ಎಂದು. ಅವಸರದ ಕೆಲವು ಕಿರಿಗೈಗಳು ಸಂತೆಯಲ್ಲಿ ಬೇಕೆಂದೇ ಕೈ ನಡುಗಿಸಿಕೊಂಡು ಓಡಾಡುವುದೂ ಇತ್ತು. ನಗಬೇಡ. ನಮ್ಮ ಮಠದಲ್ಲಿ ಯಾರು ಯಾರು ಧ್ಯಾನಕ್ಕೆ ಕೂತು ಹೇಗೆ ಹೇಗೆ ಕಣ್ಣು ಮುಚ್ಚುತ್ತಾರೆ ಎನ್ನುವುದು ನನಗೂ ಗೊತ್ತಿದೆ.

ಅದೇ ಊರಿನ ಇನ್ನೊಂದು ತುದಿಯಲ್ಲಿ ಮರದ ಮಂಟಪಗಳಿಗೆ ಚಿನ್ನದ ವರಕು ಅಂಟಿಸುವವರಿದ್ದರು. ಚಿನ್ನವನ್ನು ಬಡಿದು ಬಡಿದು ಉಸಿರು ತಾಗಿದರೆ ಹಾರುವಷ್ಟು ತೆಳ್ಳಗೆ ಮಾಡಿ, ಕಾಯಿಸಿದ ಅಗಸೆ ಎಣ್ಣೆ ಸವರಿದ ಮರಕ್ಕೆ ಕೂರಿಸುತ್ತಿದ್ದರು. ಬೆಂಕಿಯಿಲ್ಲ, ಪಾದರಸವಿಲ್ಲ. ಲೇಪದ ಕೇರಿಯವರು ಅವರನ್ನು ಕಂಡರೆ ಮೂಗು ಮುರಿಯುತ್ತಿದ್ದರು. ಅದೇನು ಕಸುಬೇ, ಮಿಠಾಯಿಗೆ ಹಚ್ಚುವ ಕೆಲಸ ಎನ್ನುತ್ತಿದ್ದರು.

ಲೇಪದ ಕೇರಿಯಲ್ಲಿ ಒಬ್ಬ ಹಿರಿಗೈ. ಕತೆಗೆ ಅವನ ಹೆಸರು ಬೇಡ. ಅವನ ಹೆಂಡತಿಯದು ಬೇಕು. ಅವಳು ಕಾಳವ್ವ.

ಕಾಳವ್ವ ಹಿರಿಗೈಯ ಮಗಳು, ಹಿರಿಗೈಯ ಹೆಂಡತಿ. ಅವ್ವ ಅಪ್ಪನಿಗೆ ಉಣಿಸುವುದನ್ನು ನೋಡುತ್ತ ಬೆಳೆದವಳು. ಅಂಥ ಭಾಗ್ಯ ತನಗೂ ಬರಲಿ ಎಂದು ಹರಕೆ ಹೊತ್ತಿದ್ದಳು. ಬಂತು. ಗಂಡ ಮಣೆಯ ಮೇಲೆ ಕೂತ ದಿನ ಅವಳ ಕಾಲು ನೆಲದ ಮೇಲಿರಲಿಲ್ಲ. ಅಂದಿನಿಂದ ಎರಡು ಹೊತ್ತೂ ಅವಳೇ ಉಣಿಸುತ್ತಿದ್ದಳು. ಉಣಿಸುವಾಗ ಎಡಗೈಯಿಂದ ಅವನ ಬಲಗೈ ಹಿಡಿದುಕೊಳ್ಳುತ್ತಿದ್ದಳು. ಬಿಟ್ಟರೆ ಅದು ತಾಟಿಗೆ ಬಡಿಯುತ್ತಿತ್ತು. ಹಿಡಿದರೆ ಸ್ವಲ್ಪ ಹೊತ್ತಿಗೆ ಅವಳ ಅಂಗೈಯೊಳಗೆ ಸುಮ್ಮನಾಗುತ್ತಿತ್ತು.

ಅವನು ಮೊದಲು ಹಾಡಿಕೊಂಡು ಕೆಲಸ ಮಾಡುವ ಮನುಷ್ಯ. ಈಗ ಸಿಡುಕುತ್ತಿದ್ದ. ಕೆಲವೊಮ್ಮೆ ಕಾರಣವಿಲ್ಲದೆ ಅತ್ತುಬಿಡುತ್ತಿದ್ದ, ಅತ್ತದ್ದಕ್ಕೆ ನಾಚಿ ಮತ್ತೆ ಸಿಡುಕುತ್ತಿದ್ದ. ಕಾಳವ್ವನಿಗೆ ಆ ಹಾಡುವ ಗಂಡನ ನೆನಪಾಗುತ್ತಿತ್ತು. ನೆನಪಾದಾಗ ದೇವಿ ಮನೆಗೆ ಬಂದ ಮೇಲೆ ಹಾಗೆಲ್ಲ ಆಸೆಪಡಬಾರದು ಎಂದು ತನ್ನನ್ನು ತಾನೇ ಗದರಿಕೊಳ್ಳುತ್ತಿದ್ದಳು. ಅವನನ್ನು ಅವಳು ಬಹಳ ಪ್ರೀತಿಸುತ್ತಿದ್ದಳು. ಇದನ್ನು ಸುತ್ತಿ ಬಳಸಿ ಹೇಳಬೇಕಾದ್ದಿಲ್ಲ.

ಮಗನ ಮದುವೆಯಾಯಿತು. ಸೊಸೆ ಬಂದಳು. ನೀಲಗಂಗಾ ಅವಳ ಹೆಸರು. ಮಾತಿಗಿಂತ ನಗು ಹೆಚ್ಚಿನ ಹುಡುಗಿ. ಹೂ ಕಟ್ಟುವುದೆಂದರೆ ಅವಳಿಗೆ ಪ್ರಾಣ. ಅವಳು ಮಲ್ಲಿಗೆ ಕಟ್ಟುವಾಗ ಬೆರಳುಗಳು ಕಾಣುತ್ತಿರಲಿಲ್ಲ, ಮಾಲೆ ಮಾತ್ರ ಬೆಳೆಯುತ್ತಿತ್ತು. ಹೆಣ್ಣುಮಕ್ಕಳಿಲ್ಲದ ಕಾಳವ್ವ ಅವಳನ್ನು ಎದುರು ಕೂರಿಸಿಕೊಂಡು ಸುಮ್ಮನೆ ನೋಡುತ್ತಿದ್ದಳು. ನೋಡಿ ಹೊಟ್ಟೆ ತುಂಬುತ್ತಿತ್ತು.

ಕಾಳವ್ವನ ಕಾಲದಲ್ಲಿ ಒಲೆ ಹಿತ್ತಲ ಬಯಲಿನಲ್ಲಿತ್ತು, ಕೆಂಡಕ್ಕೆ ಗಾಳಿ ಊದುವ ತಿದಿ ಒತ್ತಲು ಮೈದುನನಿದ್ದ. ಅವನು ಬೇರೆ ಮನೆ ಮಾಡಿದ. ಗಾಳಿಗೆ ಕೆಂಡ ಒಂದೇ ಸಮ ಇರುವುದಿಲ್ಲ ಎಂದು ಒಲೆಯ ಸುತ್ತ ಗೋಡೆ ಎದ್ದು, ಮೇಲೆ ಮಾಳಿಗೆ ಬಂತು. ಕಿಟಕಿಯೊಂದೂ ಇಲ್ಲ. ಮಗ ಕಳಸಗಳನ್ನು ಏರಿಸಲು ಊರೂರು ತಿರುಗುತ್ತಿದ್ದ, ಬೆಂಕಿಯ ಮುಂದೆ ಕೂತದ್ದು ಕಡಿಮೆ. ಹಾಗಾಗಿ ತಿದಿ ಒತ್ತುವುದು ನೀಲಗಂಗಾಳ ಪಾಲಿಗೆ ಬಂತು. ಸಂಜೆ ಆ ಕೋಣೆಯನ್ನು ಗುಡಿಸುವುದೂ ಮನೆಯ ಸೊಸೆಯ ಕೆಲಸವೇ. ಕಸದಲ್ಲಿ ಚಿನ್ನದ ಕಣ ಇರುತ್ತದೆ, ಹೊರಗಿನವರ ಕೈಗೆ ಪೊರಕೆ ಕೊಡುವ ಪದ್ಧತಿಯಿಲ್ಲ. ಬೆಣ್ಣೆಯನ್ನು ಮಾತ್ರ ಹೆಂಗಸರು ಮುಟ್ಟುವ ಹಾಗಿಲ್ಲ. ಮುಟ್ಟಿದರೆ ದೇವಿ ಮುನಿಯುತ್ತಾಳೆ.

ಒಂದು ಸಂಜೆ ಕಾಳವ್ವ ನೋಡಿದಳು, ನೀಲಗಂಗಾ ದೀಪ ಹಚ್ಚಲು ಹೋಗಿ ಬತ್ತಿಯನ್ನು ಎಣ್ಣೆಯೊಳಗೆ ಬೀಳಿಸಿದಳು. ಎತ್ತಿದಳು, ಮತ್ತೆ ಬಿತ್ತು. ಆಗ ಕಾಳವ್ವನಿಗೆ ಒಂದೊಂದೇ ಹೊಳೆಯಿತು. ಸೊಸೆಯ ಕುಂಕುಮ ಈಚೆಗೆ ಓರೆಯಾಗಿರುತ್ತದೆ. ಅವಳು ಹೂ ಕಟ್ಟಿ ಬಹಳ ದಿನವಾಯಿತು. ಕೈಗಳನ್ನು ಯಾವಾಗಲೂ ಸೆರಗಿನೊಳಗೆ ಇಟ್ಟುಕೊಂಡಿರುತ್ತಾಳೆ.

“ಕೈ ಇಲ್ಲಿ ಕೊಡು” ಎಂದಳು ಕಾಳವ್ವ.

“ಏನೂ ಆಗಿಲ್ರಿ ಅತ್ತಿ.”

ಕಾಳವ್ವ ಸೆರಗಿನೊಳಗಿನಿಂದ ಆ ಕೈಯನ್ನು ಎಳೆದು ತನ್ನ ಎಡಗೈಯಲ್ಲಿ ಹಿಡಿದಳು. ಈ ನಡುಕ ಅವಳಿಗೆ ಗೊತ್ತಿತ್ತು. ಎರಡು ಹೊತ್ತೂ ಇದನ್ನೇ ಹಿಡಿದು ಅವಳು ಗಂಡನಿಗೆ ಉಣಿಸುತ್ತಿದ್ದಳು. ಬಿಡಿಸಿಕೊಳ್ಳಲು ನೋಡುವ ರೀತಿ ಅದೇ, ಸ್ವಲ್ಪ ಹೊತ್ತಿಗೆ ಸುಮ್ಮನಾಗುವ ರೀತಿಯೂ ಅದೇ.

“ನಾ ಬೆಣ್ಣಿ ಮುಟ್ಟಿಲ್ರಿ ಅತ್ತಿ, ದೇವಿ ಆಣಿ ಮಾಡ್ತೀನಿ” ಎಂದು ಹುಡುಗಿ ಅಳತೊಡಗಿದಳು.

“ಮುಟ್ಟೀದಿ ಅಂತ ನಾ ಅಂದೆನೇನು? ಅಳಬ್ಯಾಡ, ಸುಮ್ಕಿರು” ಎಂದು ಕಾಳವ್ವ ಕಣ್ಣೊರೆಸಿದಳು. ಅವಳ ಬಾಯಿ ಸಮಾಧಾನ ಹೇಳುತ್ತಿತ್ತು, ತಲೆಯಲ್ಲಿ ಬೇರೆಯೇ ಓಡುತ್ತಿತ್ತು. ದೇವಿ ಬರುವುದು ಚಿನ್ನ ಸವರಿದ ಕೈಗೆ. ಈ ಹುಡುಗಿ ಸವರಿದ್ದು ನೆಲ. ಹಾಗಾದರೆ ಇವಳ ಕೈಗೆ ಬಂದದ್ದು ಯಾರು?

ಇಂಥ ಸುದ್ದಿ ಸೆರಗಿನೊಳಗೆ ನಿಲ್ಲುವುದಿಲ್ಲ. ನೀರಿಗೆ ಬಂದ ಹೆಂಗಸರು ನೋಡಿದರು. ಕೇರಿಯ ಹಿರಿಯರು ಸೇರಿದರು. ಗಂಡಸಿಗೆ ಬಂದರೆ ದೇವಿಯ ಒಲುಮೆ, ಹೆಂಗಸಿಗೆ ಬಂದರೆ ದೇವಿಯ ಮುನಿಸು ಎಂದು ತೀರ್ಮಾನಿಸಲು ಅವರಿಗೆ ಒಂದು ಎಲೆ ಅಡಿಕೆ ಮೆಲ್ಲುವಷ್ಟು ಹೊತ್ತು ಸಾಕಾಯಿತು. ಕದ್ದು ಬೆಣ್ಣೆ ಮುಟ್ಟಿರಬೇಕು, ಇಂಥವಳು ಕೇರಿಯಲ್ಲಿದ್ದರೆ ಎಲ್ಲರ ಕಸುಬಿಗೂ ಕೇಡು, ತವರಿಗೆ ಕಳಿಸಿಬಿಡಿ ಎಂದರು. ಕಾಳವ್ವನ ಗಂಡ ಗೋಡೆಗೆ ಒರಗಿ ಕೂತವನು. ಎದ್ದು ಇಲ್ಲ ಎನ್ನಲಿಲ್ಲ. ‘ಯುಗಾದಿಯವರೆಗೆ ನೋಡೋಣ. ದೇವಿ ಕ್ಷಮಿಸಿದರೆ ಕೈ ನಿಲ್ಲುತ್ತದೆ. ಇಲ್ಲದಿದ್ದರೆ ಕಳಿಸುತ್ತೇನೆ’ ಎಂದಷ್ಟೇ ಕೇಳಿಕೊಂಡ. ಹಾಗೆ ಹೋದವಳು ಮತ್ತೆ ಬರುವುದುಂಟೇ? ಮಗ ಅಂದು ರಾತ್ರಿ ಉಣ್ಣಲಿಲ್ಲ.

ಮರುದಿನ ಬೆಳಿಗ್ಗೆ ನೀಲಗಂಗಾ ಎಂದಿನಂತೆ ತಿದಿಯ ಮುಂದೆ ಕೂತಳು. ಕಾಳವ್ವ ಒಳಗೆ ಬಂದು ಅವಳ ತೋಳು ಹಿಡಿದು ಎಬ್ಬಿಸಿದಳು. ಎಬ್ಬಿಸಿ ತಾನು ಆ ಜಾಗದಲ್ಲಿ ಕೂತಳು.

“ಏನಿದು?” ಎಂದ ಗಂಡ.

“ಅಕಿ ಅಡಿಗಿಮನ್ಯಾಗ ಇರ್ಲಿ. ತಿದಿ ನಾ ಒತ್ತತೀನಿ.”

“ನಿನಗ ಆಗತೈತೇನು ಈ ವಯಸ್ಸಿನ್ಯಾಗ?”

“ನಿಮಗ ಉಣಿಸೂ ಕೈರೀ ಇದು. ತಿದಿ ಒತ್ತೂದು ಅದಕ್ಕಿಂತ ಹಗುರ.”

ಅವನು ನಕ್ಕ. ಅವನು ನಕ್ಕು ಬಹಳ ಕಾಲವಾಗಿತ್ತು.

ಅಂದಿನಿಂದ ತಿದಿ ಕಾಳವ್ವನದು, ಪೊರಕೆ ಕಾಳವ್ವನದು, ಕೆಲಸದ ಬಟ್ಟೆ ಬಿಸಿನೀರಲ್ಲಿ ಒಗೆಯುವುದೂ ಅವಳದು. ನೀಲಗಂಗಾ ಆ ಕೋಣೆಯ ಹೊಸ್ತಿಲು ತುಳಿಯಲಿಲ್ಲ. ಕಾಳವ್ವ ಏನಾದರೂ ದೊಡ್ಡ ಯೋಚನೆ ಮಾಡಿ ಹೀಗೆ ಮಾಡಿದಳೇ ಎಂದು ಕೇಳಿದರೆ, ಇಲ್ಲ. ಹೊಗೆ ಎನ್ನುವ ಮಾತು ಅವಳಿಗೆ ಹೊಳೆದಿತ್ತು, ಅದನ್ನು ಬಾಯಿಗೆ ತರಲು ಅವಳಿಗೆ ಧೈರ್ಯವಿರಲಿಲ್ಲ. ಹೊಗೆ ಎಂದರೆ ಗಂಡನ ಕೈಯಲ್ಲಿರುವುದೂ ಹೊಗೆಯೇ ಆಗುತ್ತದೆ. ಅವನ ಶಾಲು, ಅವನ ಮಣೆ, ಅವಳ ಅಪ್ಪನ ಹೆಸರು, ಎಲ್ಲ ಹೊಗೆ. ಅಷ್ಟನ್ನು ಸುಡುವ ಮಾತು ಅವಳ ಬಾಯಿಗೆ ಬರಲಿಲ್ಲ. ಹುಡುಗಿ ಆ ಕೋಣೆಯಲ್ಲಿರಬಾರದು ಎನ್ನುವುದಷ್ಟೇ ಗೊತ್ತಿತ್ತು. ಯಾರಾದರೂ ಅಲ್ಲಿ ಇರಲೇಬೇಕಿತ್ತು. ಹಾಗಾಗಿ ತಾನು ಕೂತಳು.

ಚಳಿ ಬಂತು, ಹೋಯಿತು. ನೀಲಗಂಗಾಳ ಕುಂಕುಮ ಮೆಲ್ಲಗೆ ನೆಟ್ಟಗಾಯಿತು. ಬತ್ತಿ ದೀಪದಲ್ಲಿ ನಿಂತಿತು. ಮಾಘ ಕಳೆದ ಮೇಲೆ ಒಂದು ಮಧ್ಯಾಹ್ನ ಅವಳು ಹೆದರುತ್ತ ಹೆದರುತ್ತ ದಾರ ತೆಗೆದುಕೊಂಡು ಮಲ್ಲಿಗೆ ಕಟ್ಟಲು ಕೂತಳು. ಮಾಲೆ ಮೊದಲಿನಷ್ಟು ಬಿಗಿಯಾಗಲಿಲ್ಲ, ಆದರೆ ಆಯಿತು. ಅದನ್ನು ಅವಳು ಅತ್ತೆಯ ತಲೆಗೆ ಮುಡಿಸಿದಳು. ಕಾಳವ್ವ ಸೊಸೆಯ ಎರಡೂ ಕೈಗಳನ್ನು ಕಣ್ಣಿಗೊತ್ತಿಕೊಂಡಳು. ಆಮೇಲೆ ತನ್ನ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡಳು.

ಹುಡುಗಿ ಅದನ್ನು ಗಮನಿಸಲಿಲ್ಲ. ಗಂಡನೂ ಗಮನಿಸಲಿಲ್ಲ. ಉಣಿಸುವಾಗ ಕಾಳವ್ವ ಈಗ ತುತ್ತನ್ನು ಚಿಕ್ಕದು ಮಾಡುತ್ತಿದ್ದಳು, ಅವನಿಗೆ ಇನ್ನೂ ಹತ್ತಿರ ಸರಿದು ಕೂರುತ್ತಿದ್ದಳು. ಬಲಗೈ ಬೇಗ ಬೇಗ ಆಡಿಸಿದರೆ ನಡುಕ ಕಾಣುವುದಿಲ್ಲ ಎಂದು ಕಂಡುಕೊಂಡಿದ್ದಳು. ಇಬ್ಬರ ಎರಡು ಕೈ ನಡುಗುವಾಗ ಯಾವ ನಡುಕ ಯಾರದು ಎಂದು ಅವನಿಗೆ ತಿಳಿಯಲಿಲ್ಲ.

ಯುಗಾದಿ ಬಂತು. ಅಂದು ಹಿರಿಯರೆಲ್ಲ ತಮಗೆ ಉಣಿಸುವ ಹೆಂಡಿರನ್ನು ಕರೆದುಕೊಂಡು ಕಾಳವ್ವನ ಮನೆಗೆ ಊಟಕ್ಕೆ ಬಂದರು. ಊಟ ನೆಪ. ಅವರು ನೋಡಬೇಕಿದ್ದದ್ದು ಸೊಸೆಯ ಕೈ. ನೀಲಗಂಗಾ ತುಂಬಿದ ತಂಬಿಗೆ ಹಿಡಿದು ಬಂದು ಒಬ್ಬೊಬ್ಬರ ಮುಂದೆ ನೀರಿಟ್ಟಳು. ಒಂದು ಹನಿ ಚೆಲ್ಲಲಿಲ್ಲ. ಹಿರಿಯರು ಮುಖ ಮುಖ ನೋಡಿಕೊಂಡರು. ಅವರಲ್ಲಿ ಎಲ್ಲರಿಗಿಂತ ವಯಸ್ಸಾದ ಯಜಮಾನ, ‘ದೇವಿ ಕ್ಷಮಿಸಿದಳು’ ಎಂದು ಹೇಳಿ ಹೆಂಡತಿ ಕೊಟ್ಟ ಬೇವು ಬೆಲ್ಲಕ್ಕೆ ಬಾಯಿ ತೆರೆದ. ತಾವೇ ಹೊರಿಸಿದ ತಪ್ಪನ್ನು ತಾವೇ ಇಳಿಸಿ ದೊಡ್ಡವರಾಗುವುದು ಹಿರಿಯರಿಗೆ ಯಾವಾಗಲೂ ಸುಲಭ. ಮಗ ಹೊರಗೆ ಹೋಗಿ ಕಂಬ ಹಿಡಿದುಕೊಂಡು ಅತ್ತ.

ಇನ್ನು ಊಟ. ಹಿರಿಗೈಗಳ ಮನೆಯಲ್ಲಿ ಪಂಕ್ತಿ ಕೂತಾಗ ಯಜಮಾನಿ ಗಂಡನಿಗೆ ಮೊದಲ ತುತ್ತು ಕೊಡಬೇಕು, ಆಮೇಲೆ ಉಳಿದವರ ಊಟ. ಎಲ್ಲರೂ ಕಾಯುತ್ತಿದ್ದರು. ಕಾಳವ್ವ ಹೋಳಿಗೆ ಮುರಿದು ಹಾಲಿನಲ್ಲಿ ಅದ್ದಿ ಎತ್ತಿದಳು. ಇಷ್ಟು ಜನರ ಕಣ್ಣು ತನ್ನ ಕೈ ಮೇಲಿದೆ ಎಂದು ಅನಿಸಿದ್ದೇ ತಡ, ಕೈ ಅವಳ ಮಾತು ಕೇಳಲಿಲ್ಲ. ತುತ್ತು ಗಂಡನ ಬಾಯಿಗೆ ಗೇಣಿನಷ್ಟು ದೂರದಲ್ಲಿ ಚೆಲ್ಲಿತು. ಅವನ ಹೊಸ ಪಂಚೆಯ ಮೇಲೆ ಹಾಲು ಹರಿಯಿತು.

ಪಂಕ್ತಿಯಲ್ಲಿದ್ದವರೆಲ್ಲ ಕತ್ತು ಚಾಚಿ ನೋಡಿದರು. ಆಮೇಲೆ ಹಿಂದಿನಿಂದ ಒಬ್ಬ, “ಅತ್ತಿನೂ ಬೆಣ್ಣಿ ಮುಟ್ಟ್ಯಾಳ ಏನೋ ಮತ್ತ” ಎಂದ.

ಗಂಡ ಕಾಳವ್ವನ ಮುಖ ನೋಡಿದ. ಅವಳು ಕೈಯನ್ನು ಸೆರಗಿನೊಳಗೆ ಎಳೆದುಕೊಳ್ಳುತ್ತಿದ್ದಳು. ಅವನು ಆ ಕೈ ಹಿಡಿದ. ಇಷ್ಟು ವರ್ಷ ತನ್ನ ಕೈಯನ್ನು ಅವಳು ಹೇಗೆ ಹಿಡಿಯುತ್ತಿದ್ದಳೋ ಹಾಗೆ, ಎಡಗೈಯಲ್ಲಿ. ಅವನ ಅಂಗೈಯೊಳಗೆ ಅದು ನಡುಗಿತು. ತನ್ನ ಕೈಯ ನಡುಕವನ್ನು ಅವನು ಎಂದೂ ಹೊರಗಿನಿಂದ ಹಿಡಿದು ನೋಡಿರಲಿಲ್ಲ. ಈಗ ನೋಡಿದ. ಅದರಲ್ಲಿ ದೇವಿ ಇರಲಿಲ್ಲ. ದಣಿದ ಒಂದು ಕೈ ಇತ್ತು.

ಅವನು ಪದ್ಧತಿ ಮುರಿದು ತನ್ನ ಬಲಗೈಯನ್ನು ಎಲೆಗೆ ಹಾಕಿದ. ಹೋಳಿಗೆ ಎತ್ತಿ ಹೆಂಡತಿಯ ಬಾಯಿಯ ಕಡೆ ತಂದ. ಅರ್ಧ ದಾರಿಯಲ್ಲಿ ಬಿತ್ತು, ಸ್ವಲ್ಪ ಅವಳ ಗಲ್ಲಕ್ಕೆ ಮೆತ್ತಿತು, ಒಂದು ಚೂರು ಬಾಯಿ ಸೇರಿತು. ಕಾಳವ್ವ ಅದನ್ನು ನುಂಗಿದಳು. ನುಂಗುವಾಗ ಅವಳ ಕಣ್ಣೀರು ಹರಿಯುತ್ತಿತ್ತು. ಇಷ್ಟು ವರ್ಷದಲ್ಲಿ ಅವನು ಅವಳಿಗೆ ಕೊಟ್ಟ ಮೊದಲ ತುತ್ತು ಅದು.

“ಈಕಿ ಬೆಣ್ಣಿ ಮುಟ್ಟಿಲ್ಲ” ಎಂದ ಅವನು, ಹಿರಿಯರ ಕಡೆ ತಿರುಗಿ. “ನನ್ನ ಸೊಸಿನೂ ಮುಟ್ಟಿರಲಿಲ್ಲ. ತಿದಿ ಬಿಟ್ಟ ಮ್ಯಾಲ ಸೊಸಿ ಕೈ ನಿಂತತು, ತಿದಿ ಹಿಡದ ಮ್ಯಾಲ ಈಕಿ ಕೈ ನಡುಗತು. ಇವರಿಬ್ಬರೂ ಕುಡದದ್ದು ಬರೇ ನನ್ನ ಒಲಿ ಹೊಗಿ.”

ಯಜಮಾನ ಎದ್ದು ನಿಂತ. ಅವನ ಕೈ ಮೊಳಕೈವರೆಗೂ ನಡುಗುತ್ತಿತ್ತು, ಸಿಟ್ಟಿನಿಂದ ಎಷ್ಟು, ಹೊಗೆಯಿಂದ ಎಷ್ಟು ಎಂದು ಹೇಳುವುದು ಕಷ್ಟ. “ಹಂಗಾದ್ರ ನಮ್ಮಪ್ಪನ ಕೈ ನಡುಗಿದ್ದು ಸುಳ್ಳೇನೋ? ನಿಮ್ಮಪ್ಪಂದು? ಅವರಿಗೆ ನಾವು ಹೊದಿಸಿದ ಶಾಲು ಸುಳ್ಳೇನು?”

ನೀನು ಕೇಳಿದ ಪ್ರಶ್ನೆಯೇ ಇದು, ಮಗು. ಕಾಳವ್ವನ ಗಂಡ ಅದಕ್ಕೆ ಹೀಗೆ ಉತ್ತರ ಕೊಟ್ಟ:

“ನಡುಗಿದ್ದು ಖರೇ, ಶಾಲೂ ಖರೇ. ಅವರಿಗೆ ಗೊತ್ತಿರಲಿಲ್ಲ, ಹಂಗಾಗಿ ಅವರು ಮಾಡಿದ್ದು ತಪ್ಪಲ್ಲ. ನನಗ ಇವತ್ತು ಗೊತ್ತಾತು. ನಾಳಿ ನಾ ಒಲಿ ಹಚ್ಚಿದ್ರ ಅದು ತಪ್ಪು.”

ಅಷ್ಟು ಹೇಳಿ ಕೆಲಸದ ಒಲೆಯ ಕೋಣೆಗೆ ಹೋದ. ಒಲೆಯಲ್ಲಿ ಬೂದಿ ಮುಚ್ಚಿದ ಕೆಂಡವಿತ್ತು, ಕೇರಿಯವರು ಅದನ್ನು ಆರಲು ಬಿಡುತ್ತಿರಲಿಲ್ಲ. ಅವನು ನೀರು ಸುರಿದ.

ಇಲ್ಲಿಗೆ ಕತೆ ಮುಗಿದರೆ ಚೆನ್ನಾಗಿರುತ್ತಿತ್ತು. ಆದರೆ ಒಲೆ ಆರಿಸಿದ ಮೇಲೆ ಮನೆಯ ಒಲೆ ಉರಿಯಬೇಕಲ್ಲ. ಮಾರನೆಯ ದಿನ ಅವನು ಊರಿನ ಇನ್ನೊಂದು ತುದಿಗೆ, ತಾನು ಮೂಗು ಮುರಿದಿದ್ದ ವರಕಿನವರ ಮನೆಗೆ ಹೋಗಿ, ಕಲಿಸಿ ಎಂದು ಕೇಳಿದ. ಅವರಿಗೂ ಮೂಗಿತ್ತು, ಅವರೂ ಸ್ವಲ್ಪ ಮುರಿದರು. ಆಮೇಲೆ ಕಲಿಸಿದರು.

ಬೆಣ್ಣೆ ಸವರುವ ಕೈ ನಡುಗಿದರೂ ನಡೆಯುತ್ತದೆ, ಬೆಂಕಿ ಅದನ್ನು ಸರಿಮಾಡುತ್ತದೆ. ವರಕು ಹಾಗಲ್ಲ. ಅದಕ್ಕೆ ಅಲುಗದ ಕೈ ಬೇಕು, ಅಲುಗದ ಗಾಳಿ ಬೇಕು, ಉಸಿರನ್ನೂ ಹಿಡಿಯಬೇಕು. ಹಿರಿಗೈಗೆ ಅದು ಸಾಧ್ಯವೇ ಇರಲಿಲ್ಲ. ಇದು ಅವನಿಗೆ ಕಲಿಯಲು ಹೋಗುವ ಮೊದಲೇ ಗೊತ್ತಿತ್ತು. ತನಗೆ ಬಾರದ ಕೆಲಸವನ್ನು ಅವನು ತನ್ನ ಮನೆಗೆ ತಂದ. ಮಗ ಊರೂರು ತಿರುಗುವುದನ್ನು ಬಿಟ್ಟು ಕೂತ. ನೀಲಗಂಗಾ ಕೂತಳು. ಎಣ್ಣೆ ಹಸಿಯಿದ್ದಾಗ ಇಟ್ಟ ವರಕು ಮುಳುಗಿ ಕಪ್ಪಾಯಿತು, ಹೆಚ್ಚು ಒಣಗಿದಾಗ ಇಟ್ಟದ್ದು ಉದುರಿತು. ಒಂದು ಸಲ ಎಲ್ಲ ಸರಿಯಾಗಿ ಕೂತ ಹೊತ್ತಿಗೆ ಮಗ ಸೀನಿದ. ಆ ದಿನ ಕಾಳವ್ವ ಗಂಡನ ಜೊತೆ ಕೂತು ಸೊಸೆಯ ಕೂದಲಿನಿಂದ ಚಿನ್ನ ಹೆಕ್ಕಿದಳು. ಇಬ್ಬರ ಬೆರಳುಗಳೂ ನಡುಗುತ್ತಿದ್ದವು, ಹುಡುಗಿ ಕಚಗುಳಿ ತಾಳಲಾರದೆ ನಗುತ್ತಿದ್ದಳು.

ಹಿರಿಗೈ ದಿನವೂ ಅವರ ಬಳಿ ಕೂತು, ಚಿನ್ನ ಎಲ್ಲಿ ತೆಳುವಾಗಿದೆ, ಎಲ್ಲಿ ಮಡಚಿದೆ ಎಂದು ಹೇಳುತ್ತಿದ್ದ. ಕೈ ಹೋಗಿತ್ತು, ಕಣ್ಣು ಹೋಗಿರಲಿಲ್ಲ. ಬೆಣ್ಣೆಯ ಕಳಸದ ಹೊಳಪು ವರಕಿನ ಕಳಸಕ್ಕೆ ಇರಲಿಲ್ಲ ಎನ್ನುವುದು ನಿಜ. ಮೊದಲ ಕಳಸವನ್ನು ಕೊಂಡು ಹೋಗಲು ಬಂದ ಗುಡಿಯವರು ಅದನ್ನು ಬಿಸಿಲಿಗೆ ಹಿಡಿದು, ಸ್ವಲ್ಪ ಮಂಕಲ್ಲವೇ ಎಂದರು. ಹೌದು, ಮಂಕು ಎಂದ ಅವನು. ನೀಲಗಂಗಾಳನ್ನು ಕರೆದು, ಇವರಿಗೆ ನೀರು ಕೊಡು ಎಂದ. ಅವಳು ತುಂಬಿದ ತಂಬಿಗೆ ತಂದಿಟ್ಟಳು. ಅವರಿಗೆ ಏನೂ ಅರ್ಥವಾಗಲಿಲ್ಲ. ಅವನಿಗೆ ಅಷ್ಟು ಹೊಳಪು ಸಾಕಿತ್ತು.

ಕೇರಿಯವರೆಲ್ಲ ಒಂದೇ ದಿನ ಬದಲಾದರು ಎಂದು ನಾನು ಹೇಳಲಾರೆ. ಯಜಮಾನ ಸಾಯುವವರೆಗೂ ಬೆಣ್ಣೆಯನ್ನೇ ಕಾಯಿಸಿದ. ಕೆಲವರು ಬಹಳ ದಿನ ನೋಡಿ ಬಂದರು, ಕೆಲವರು ತಮ್ಮ ಮನೆಯಲ್ಲಿ ಒಂದು ಹೆಣ್ಣಿನ ಕೈ ನಡುಗಿದ ಮೇಲೆ ಬಂದರು. ಕಾಳವ್ವನ ಕೈ ಒಂದೆರಡು ಮಳೆಗಾಲ ಕಳೆಯುವುದರಲ್ಲಿ ನಿಂತಿತು. ಅವನದು ನಿಲ್ಲಲಿಲ್ಲ, ಬಹಳ ತಡವಾಗಿತ್ತು. ಅವಳು ಕೊನೆಯವರೆಗೂ ಅವನ ಕೈ ಹಿಡಿದು ಉಣಿಸಿದಳು. ಸಿಡುಕು ಮಾತ್ರ ಮೆಲ್ಲಗೆ ಕಡಿಮೆಯಾಯಿತು. ಒಂದು ಬೆಳಿಗ್ಗೆ ಅವನು ಹಿತ್ತಲಿನಲ್ಲಿ ತನ್ನಷ್ಟಕ್ಕೆ ಹಾಡಿಕೊಳ್ಳುವುದು ಕೇಳಿಸಿತು. ಕಾಳವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ಹಾಡು ಮುಗಿಯುವವರೆಗೆ ಹಿಟ್ಟಿನ ಕೈಯಲ್ಲೇ ನಿಂತಿದ್ದಳು.

ಮಣೆ, ಶಾಲು ಈಗಲೂ ಇವೆ. ವಯಸ್ಸಾದ ಗಂಡ ತನ್ನ ಕೈಯಿಂದ ಹೆಂಡತಿಗೆ ತುತ್ತು ಕೊಡುತ್ತಾನೆ. ಒಂದು ಅಗುಳೂ ಚೆಲ್ಲದೆ ಅದು ಅವಳ ಬಾಯಿ ಸೇರಿದರೆ ಅವನಿಗೆ ಹಿರಿಗೈ ಎನ್ನುತ್ತಾರೆ.

ಗುರುಗಳು ಕತೆ ಮುಗಿಸಿದರು. ಅವರ ಪಾಲಿನ ಅವರೆಕಾಯಿಯೂ ಮುಗಿದಿತ್ತು. ಶಿಷ್ಯನ ಮುಖ ಹಗುರಾಗಿತ್ತು.

“ಹಾಗಾದರೆ ಕಾಳವ್ವ ಬಾಯಿ ಬಿಟ್ಟು ಗಂಡನಿಗೆ ಹೇಳಲೇ ಇಲ್ಲ” ಎಂದ ಅವನು. “ಅವನ ಮರ್ಯಾದೆಗಾಗಿ ಸುಮ್ಮನಿದ್ದಳು. ನಾನೂ ಅಪ್ಪನಿಗೆ ಹೇಳದೆ ಸುಮ್ಮನಿದ್ದೇನೆ. ನಾನು ಮಾಡಿದ್ದೂ ಅವಳು ಮಾಡಿದ್ದೂ ಒಂದೇ ಆಯಿತಲ್ಲವೇ, ಗುರುಗಳೇ?”

ಗುರುಗಳು ಸಿಪ್ಪೆಗಳನ್ನು ಒಟ್ಟು ಮಾಡಿ ಮಡಿಲಿಗೆ ತುಂಬಿಕೊಂಡು ಎದ್ದರು. ಅವನ ತಲೆಯ ಮೇಲೆ ಕೈಯಿಟ್ಟು ಮೆಲ್ಲಗೆ ಕೇಳಿದರು.

“ನೀನು ಎದ್ದು ಬಂದ ಆ ಅರೆಯುವ ಕಲ್ಲಿನ ಮುಂದೆ ಈಗ ಯಾರು ಕೂತಿದ್ದಾರೆ, ಮಗು?”